ತಾಯಿಗೆ ಕೊಂಬಿಟ್ಟ ಕಥೆ

ಜಗಳೂರು ಬಯಲುಸೀಮೆಯ ತಾಲ್ಲೂಕು. ಮಳೆಗಿಂತ ಮಳೆಯ ನಿರೀಕ್ಷೆಯೇ ಇಲ್ಲಿ ಹೆಚ್ಚು. ಇಂತಹ ನೆಲದ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಎಂಬ ಸಂಕೋಚದ ಪ್ರಾಣಿಯೊಂದು ಬಾಳಿಕೊಂಡು ಬಂದಿದೆ. ಗಂಡಿಗೆ ನಾಲ್ಕು ಕೊಂಬು. ಹೆಣ್ಣಿಗೆ ಒಂದೂ ಇಲ್ಲ. ಸುಮಾರು 77 ಚದರ ಕಿಲೋಮೀಟರಿನ ಆ ಕಾಡನ್ನು 2011ರಲ್ಲಿ ಸರಕಾರವು ವನ್ಯಧಾಮವೆಂದು ಘೋಷಿಸಿತು.

ಕೆಲವು ವರುಷಗಳ ಹಿಂದೆ ನಾವು ಕೆಲವರು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ, ಈ ಪ್ರಾಣಿಯನ್ನು ಕುರಿತು ಭಿತ್ತಿಪತ್ರವೊಂದನ್ನು ಅಚ್ಚುಹಾಕಿಸಿ ಕಾಡಂಚಿನ ಹಳ್ಳಿಗಳಲ್ಲಿ ಅಂಟಿಸಬೇಕೆಂದು ಹೊರಟೆವು. ನೆರೆಯ ದಾವಣಗೆರೆಯಲ್ಲಿ 1964ರಷ್ಟು ಹಿಂದೆಯೇ ಕಲಾಶಾಲೆ ಹುಟ್ಟಿದೆ. ಅಲ್ಲಿ ಕಲಾವಿದರಿಗೆ ಬರವಿಲ್ಲ. ಆ ಊರಿನ ತರುಣ ವಿನ್ಯಾಸಕಾರರೊಬ್ಬರನ್ನು ಕಂಡು, ಇದು ಪುಣ್ಯದ ಕೆಲಸ, ತಾವು ನೆರವಾಗಬೇಕು ಎಂದೆವು. ಅವರು ಒಪ್ಪಿದರು. ಕಾಗದದ ಅಂಗಡಿಗೂ ಮುದ್ರಣಾಲಯಕ್ಕೂ ನಾವು ಹಣ ತೆತ್ತೆವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಪುಣ್ಯವನ್ನು ಕಲಾವಿದನೊಬ್ಬನ ಪಾಲಿಗೆ ಮಾತ್ರ ಮೀಸಲಿಟ್ಟಿದ್ದೆವು.

ಅನಂತರ ಸಲಹೆಗಳ ಸುರಿಮಳೆ. ಒಬ್ಬರಿಗೆ ಪ್ರಾಣಿಯ ಶಾಸ್ತ್ರೀಯ ನಾಮ ಬೇಕು. ಇನ್ನೊಬ್ಬರಿಗೆ ಮೇಲ್ಗಡೆ ಗಣ್ಯರ ಹೆಸರುಗಳು ಬೇಕು. ಮತ್ತೊಬ್ಬರಿಗೆ ಹಸುರು ಬಣ್ಣ ಇನ್ನಷ್ಟು ಗಾಢವಾಗಬೇಕು. ಕನ್ನಡದ ಅಧ್ಯಾಪಕನಾದ ನಾನು ಹನ್ನೆರಡು ಸಾಲಿನ ಗದ್ಯವನ್ನೇ ಬರೆದು ಕಳುಹಿಸಿದೆ. ಕಲಾವಿದರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಮೇಷ್ಟ್ರೇ, ಇದನ್ನು ನೋಡುವವರು ಯಾರು? ನೋಡಿದ ಮೇಲೆ ಅವರು ಏನು ಮಾಡಬೇಕು?” ನಮ್ಮಲ್ಲಿ ಉತ್ತರವಿರಲಿಲ್ಲ. ಚಿತ್ರ ಬೇಗ ಬರಲಿ ಎಂದಷ್ಟೇ ಹೇಳಿದೆವು.

ಚಿತ್ರ ಬಂದಿತು, ಬಲು ಸೊಗಸಾಗಿಯೇ ಇತ್ತು. ತಾಯಿ ಕೊಂಡುಕುರಿಯೊಂದು ಮರಿಯನ್ನು ನೆಕ್ಕುತ್ತ ನಿಂತಿದೆ. ಅಚ್ಚಿಗೆ ಕೊಡುವ ಮುನ್ನ ವಿದ್ಯಾರ್ಥಿಯೊಬ್ಬ ಅದರ ಕರಡುಪ್ರತಿಯನ್ನು ತನ್ನ ಊರಿಗೆ ಕೊಂಡೊಯ್ದು ತೋರಿಸಿದ. ಕುರಿ ಕಾಯುವ ಹಿರಿಯರೊಬ್ಬರು ನೋಡಿ, “ಇದೇನಪ್ಪಾ, ತಾಯಿಗೂ ಕೊಂಬು ಇಟ್ಟೀರಲ್ಲ!” ಎಂದು ನಕ್ಕರಂತೆ.

ತಪ್ಪು ಯಾರದು? ಹನ್ನೆರಡು ಸಾಲು ಬರೆದ ನಾನು, ಹೆಣ್ಣಿಗೆ ಕೊಂಬಿಲ್ಲವೆಂಬ ಒಂದು ಸಾಲನ್ನು ಬರೆಯಲಿಲ್ಲ. ಬೇಡದ ಅಪ್ಪಣೆಗಳನ್ನೆಲ್ಲ ಕೊಟ್ಟು, ಬೇಕಾದ ತಿಳಿವಳಿಕೆಯನ್ನು ಬಚ್ಚಿಟ್ಟಿದ್ದೆವು.

ಇಲ್ಲಿ ಇನ್ನೊಂದು ಚಿತ್ರ ನೆನಪಾಗುತ್ತದೆ. 1961ರಲ್ಲಿ ವಿಶ್ವ ವನ್ಯಜೀವಿ ನಿಧಿಯು ಸ್ಥಾಪನೆಯಾದಾಗ ಅದಕ್ಕೊಂದು ಲಾಂಛನ ಬೇಕಾಯಿತು. ಭಾಷೆಯ ಎಲ್ಲೆಗಳನ್ನು ದಾಟಿ ಯಾರಿಗೂ ಗುರುತು ಸಿಕ್ಕಬೇಕು. ಅಚ್ಚಿನ ಖರ್ಚೂ ಕಡಿಮೆಯಾಗಬೇಕು. ಲಂಡನ್ನಿನ ಮೃಗಾಲಯದಲ್ಲಿದ್ದ ಚೀ-ಚೀ ಎಂಬ ಪಾಂಡಾ ಆಗ ಜನರ ಕಣ್ಮಣಿಯಾಗಿತ್ತು. ಅದರ ಮೈ ಸಹಜವಾಗಿಯೇ ಕಪ್ಪು-ಬಿಳುಪು! ಜೆರಾಲ್ಡ್ ವಾಟರ್ಸನ್ನರ ರೇಖೆಗಳನ್ನು ಆಧರಿಸಿ ಪೀಟರ್ ಸ್ಕಾಟರು ಮೊದಲ ಲಾಂಛನವನ್ನು ಬರೆದರು. ಬಡತನದ ನಿರ್ಬಂಧವೇ ಅಲ್ಲಿ ಚೆಲುವಿಗೆ ಕಾರಣವಾಯಿತು. ಸ್ಕಾಟರು ಚಿತ್ರಕಾರರಷ್ಟೇ ಅಲ್ಲ, ಆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು; ಉದ್ದೇಶವೂ ಕುಂಚವೂ ಒಂದೇ ಕೈಯಲ್ಲಿದ್ದವು. ನಮ್ಮಂತಹವರಲ್ಲಿ ಅವೆರಡೂ ಬೇರೆ ಬೇರೆ ಕೈಗಳಲ್ಲಿರುತ್ತವೆ. ಆದುದರಿಂದ ಉದ್ದೇಶವನ್ನು ತಿಳಿಯಾಗಿ ದಾಟಿಸುವ ಹೊಣೆ ನಮ್ಮದು. ಕುಂಚದ ವಿಚಾರ ಕಲಾವಿದನದು.

ನಾವು ಮತ್ತೆ ಕುಳಿತೆವು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಹಳ್ಳಿಯವರು ನೋಡಿಕೊಳ್ಳಬೇಕೆಂಬುದೊಂದೇ ನಮ್ಮ ಬಯಕೆ ಎಂದು ನಿಶ್ಚಯಿಸಿದೆವು. ಎಲ್ಲರ ಪರವಾಗಿ ಒಬ್ಬರೇ ಕಲಾವಿದರೊಡನೆ ಮಾತನಾಡುವುದೆಂದಾಯಿತು. ಹಣ ಇಷ್ಟು, ಕಾಗದದ ಅಳತೆ ಇಷ್ಟು, ಬಣ್ಣ ಎರಡೇ ಎಂದು ಮೊದಲೇ ತಿಳಿಸಿದೆವು. ಅವರ ಶ್ರಮಕ್ಕೆ ನಮ್ಮ ಕೈಲಾದ ಸಂಭಾವನೆಯನ್ನೂ ಗೊತ್ತುಪಡಿಸಿದೆವು. ಪ್ರಾಣಿಯ ಛಾಯಾಚಿತ್ರಗಳನ್ನು ಕೊಟ್ಟೆವು. ಬಳಿಕ ನನ್ನ ಗದ್ಯವನ್ನು ನಾನೇ ಹೊಡೆದುಹಾಕಿದೆ. ಅದು ಸುಲಭವಾಗಿರಲಿಲ್ಲವೆಂದು ಬರೆಯುವ ವಾಚಕರು ಬಲ್ಲರು.

ಹೊಸ ಚಿತ್ರದಲ್ಲಿ ಕೊಂಬಿಲ್ಲದ ತಾಯಿ, ಮಗ್ಗುಲಲ್ಲಿ ಮರಿ, ಹಿಂದೆ ಸುಟ್ಟ ಹುಲ್ಲಿನ ಕಪ್ಪು ನೆಲ. ಕೆಳಗೆ ನಾಲ್ಕೇ ಮಾತು. ಕರಡನ್ನು ಮೊದಲು ಆ ಹಿರಿಯರಿಗೇ ತೋರಿಸಿದೆವು. ಅವರಿಗೆ ಓದು ಬರದು. ಬಹಳ ಹೊತ್ತು ನೋಡಿ, “ಪಾಪ, ಇದಕ್ಕೆ ಮೇವೆಲ್ಲಿ?” ಎಂದರು. ಅಚ್ಚಿಗೆ ಕಳುಹಿಸಲು ನಮಗೆ ಅಷ್ಟು ಒಪ್ಪಿಗೆ ಸಾಕಾಯಿತು.