ಮೈಸೂರಿನ ಅರಸರು ಉಳಿಸಿಕೊಟ್ಟ ನಾದ

ಜಯಚಾಮರಾಜೇಂದ್ರ ಒಡೆಯರ್ ಎಂದೊಡನೆ ದಸರಾ, ಅಂಬಾರಿ, ಅರಮನೆ ನಮ್ಮ ಕಣ್ಣ ಮುಂದೆ ಬರುತ್ತವೆ. ಸಂಗೀತ ಬಲ್ಲವರಿಗೆ ಅವರು ರಚಿಸಿದ 94 ಕರ್ನಾಟಕ ಸಂಗೀತ ಕೃತಿಗಳೂ ನೆನಪಾಗಬಹುದು. ಆದರೆ ದೂರದ ಲಂಡನ್ನಿನಲ್ಲಿ ಮರೆಯಾಗುತ್ತಿದ್ದ ರಷ್ಯನ್ ಸಂಗೀತಗಾರರೊಬ್ಬರ ಜೀವಮಾನದ ದುಡಿಮೆಯನ್ನು ಅವರು ಉಳಿಸಿಕೊಟ್ಟ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

1919ರಲ್ಲಿ ಹುಟ್ಟಿದ ಒಡೆಯರ್ ಅವರಿಗೆ ಪಿಯಾನೊ ವಾದಕರಾಗಬೇಕೆಂಬ ಹಂಬಲವಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. 21ರ ಹರೆಯದಲ್ಲಿ ರಾಜ್ಯದ ಹೊಣೆ ಹೆಗಲೇರಿತು. ಪಿಯಾನೊ ಅರಮನೆಯೊಳಗೇ ಉಳಿಯಿತು. ಗ್ರಾಮಫೋನ್ ರೆಕಾರ್ಡುಗಳನ್ನು ಸಂಗ್ರಹಿಸಿ ಕೇಳುವುದು ಅವರ ಪ್ರೀತಿಯ ಹವ್ಯಾಸವಾಯಿತು.

ಇತ್ತ ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಶುಬರ್ಟ್, ಶೂಮನ್ ಮೊದಲಾದವರ ಭಾವಪೂರ್ಣ ರೊಮ್ಯಾಂಟಿಕ್ ಪರಂಪರೆಯ ಕೊನೆಯ ಕುಡಿಗಳಲ್ಲಿ ಒಬ್ಬರು. ಕ್ರಾಂತಿಯ ನಂತರ, 1921ರಲ್ಲಿ ತಾಯ್ನಾಡು ಬಿಟ್ಟರು. ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಕಾಲದ ರುಚಿ ಬದಲಾಗಿತ್ತು. ಯುದ್ಧ ಬಂತು, 1942ರಲ್ಲಿ ಹೃದಯಾಘಾತವೂ ಆಯಿತು.

ಆಗ ಮೈಸೂರಿನಿಂದ ನೆರವು ಬಂತು. ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಆರಂಭವಾಗಿ, ಎಚ್.ಎಂ.ವಿ. ಕಂಪನಿ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಿತು. ಆ ಕಾಲದ 78ರ ವೇಗದ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ. ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ಅರವತ್ತೈದು ದಾಟಿದ, ಹೃದಯ ಸೋತ ಆ ಹಿರಿಯರು ಮೂರೂ ಕನ್ಸರ್ಟೊಗಳನ್ನು ಹೀಗೆ ನುಡಿಸಿ ಮುಗಿಸಿದರು. ಮೂರನೆಯದನ್ನು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೇ ಅರ್ಪಿಸಿದರು.

ಇನ್ನೊಂದು ಕೃತಿಯ ಕಥೆ ಮನ ಮುಟ್ಟುವಂಥದ್ದು. ಪಿಯಾನೊ, ಪಿಟೀಲು, ಚೆಲೊ ಕೂಡಿದರೆ ಅದು ಪಿಯಾನೊ ತ್ರಯ. ಇನ್ನೊಂದು ಪಿಟೀಲು ಮತ್ತು ವಿಯೋಲಾ ಸೇರಿದರೆ ಪಂಚಕ. ಮೆಟ್ನರ್ ಯೌವನದಲ್ಲಿ ಆರಂಭಿಸಿದ ಪಂಚಕವೊಂದನ್ನು ಮುಗಿಸಿದ್ದು 1949ರಲ್ಲಿ. ಹಸಿದವರು ತೃಪ್ತಿ ಹೊಂದುವರೆಂಬ ಶುಭಸಂದೇಶದ ಭರವಸೆಯೂ, ಪಾಪಕ್ಷಮೆ ಬೇಡುವ 25ನೆಯ ಕೀರ್ತನೆಯೂ ಅದರ ಸ್ವರಗಳಿಗೆ ಆಧಾರ. ಇಲ್ಲಿ ಯಾರೂ ಹಾಡುವುದಿಲ್ಲ, ತಂತಿಗಳೇ ಪ್ರಾರ್ಥಿಸುತ್ತವೆ. ಈಯೋಲಿಯನ್ ಕ್ವಾರ್ಟೆಟ್‌ನ ನಾಲ್ವರೊಂದಿಗೆ ಕುಳಿತು ಅದನ್ನೂ ಅವರು ಮುದ್ರಿಸಿದರು. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದರು. ಕೆಲವೇ ವರ್ಷ ತಡವಾಗಿದ್ದರೆ ಆ ಕೈಗಳ ನಾದ ಇಷ್ಟು ಉಳಿಯುತ್ತಿರಲಿಲ್ಲ.

ಒಡೆಯರ್ 1974ರಲ್ಲಿ ತೀರಿಕೊಂಡರು. ಆ ಮುದ್ರಣಗಳು ಮುಂದೆ ಸಿ.ಡಿ.ಗಳಾಗಿ ಹೊಸ ಕೇಳುಗರನ್ನು ತಲುಪಿದವು. ತಾನು ಏರಲಾಗದ ವೇದಿಕೆಯನ್ನು ಇನ್ನೊಬ್ಬರಿಗೆ ಒದಗಿಸಿಕೊಡುವುದು ದೊಡ್ಡ ಮನಸ್ಸಿನ ಕೆಲಸ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲೂ ಹಳೆಯ ಹಾಡು ಬಲ್ಲ ಅಜ್ಜಿಯರಿದ್ದಾರೆ. ದೇವಾಲಯದಲ್ಲಿ ದಶಕಗಳಿಂದ ಹಾರ್ಮೋನಿಯಂ ನುಡಿಸಿದ ಹಿರಿಯರಿದ್ದಾರೆ. ಅವರನ್ನು ಮುದ್ರಿಸಿಕೊಳ್ಳಲು ಇಂದು ಅರಸರ ಬೊಕ್ಕಸ ಬೇಕಿಲ್ಲ, ಕಿಸೆಯಲ್ಲಿರುವ ಫೋನ್ ಸಾಕು. ಈ ಭಾನುವಾರ ಪೂಜೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಕೇಳೋಣವೇ?