ರೋಮನ್ ಸಮಾಜದಲ್ಲಿ ವಿಮುಕ್ತ ದಾಸರು

ಪ್ರಾಚೀನ ರೋಮಿನ ಸಮಾಜವನ್ನು ಕುಲೀನರು, ಸಾಮಾನ್ಯರು, ದಾಸರು ಎಂದು ಮೂರು ಪದರಗಳಾಗಿ ವಿಭಜಿಸಿ ನೋಡುವುದು ರೂಢಿ. ಆ ಸಮಾಜದ ಒಳಚಲನೆ ಹೆಚ್ಚು ಸ್ಪಷ್ಟವಾಗುವುದು ಈ ಯಾವ ಪದರಕ್ಕೂ ಪೂರ್ಣವಾಗಿ ಸೇರದ ‘ಲಿಬರ್ಟಸ್’, ಅಂದರೆ ವಿಮುಕ್ತ ದಾಸನ ಬದುಕಿನಲ್ಲಿ.

ಒಡೆಯನು ನ್ಯಾಯಾಧಿಕಾರಿಯ ಸಮ್ಮುಖದಲ್ಲಿ ಇಲ್ಲವೆ ಮರಣಶಾಸನದ ಮೂಲಕ ದಾಸನನ್ನು ಬಿಡುಗಡೆ ಮಾಡಬಹುದಿತ್ತು. ದಾಸನ ಬೆಲೆಯ ಶೇಕಡಾ 5ರಷ್ಟು ತೆರಿಗೆ ಸಲ್ಲಬೇಕಿತ್ತು. ರೋಮನ್ ಪೌರನೊಬ್ಬನ ದಾಸನು ವಿಧಿವತ್ತಾಗಿ ಮುಕ್ತನಾದರೆ ತಾನೂ ಪೌರನಾಗುತ್ತಿದ್ದನು. ಅಥೆನ್ಸಿನಲ್ಲಿ ಇಂತಹ ಅವಕಾಶವಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಒಡೆಯನ ಕುಲನಾಮವೂ ಅವನಿಗೆ ದೊರೆಯುತ್ತಿತ್ತು: ಸಿಸೆರೋನ ಲಿಪಿಕಾರ ಟೀರೋ, ಕ್ರಿ.ಪೂ. 53ರಲ್ಲಿ ಮುಕ್ತನಾಗಿ ಮಾರ್ಕಸ್ ಟುಲಿಯಸ್ ಟೀರೋ ಎನಿಸಿದನು. ಆದರೆ ಹೆಸರಿನೊಡನೆ ಋಣವೂ ಅಂಟಿಕೊಳ್ಳುತ್ತಿತ್ತು. ಹಳೆಯ ಒಡೆಯನಿಗೆ ವಿಧೇಯನಾಗಿದ್ದು, ಮಾತುಕೊಟ್ಟಷ್ಟು ದಿನಗಳ ದುಡಿಮೆ ಸಲ್ಲಿಸಬೇಕಿತ್ತು. ಇತರ ಆಶ್ರಿತರಂತೆ ಮುಂಜಾನೆ ಅವನ ಮನೆಗೆ ಹೋಗಿ ವಂದಿಸುವುದೂ ವಾಡಿಕೆಯಾಗಿತ್ತು. ಕ್ರಿ.ಪೂ. 2ರ ಫೂಫಿಯಾ ಕನೀನಿಯಾ ಶಾಸನವು, ದಾಸರು ಎಷ್ಟೇ ಇದ್ದರೂ ಮರಣಶಾಸನದ ಮೂಲಕ 100ಕ್ಕಿಂತ ಹೆಚ್ಚು ಜನರನ್ನು ಬಿಡುಗಡೆ ಮಾಡದಂತೆ ಮಿತಿ ಹಾಕಿತು.

ವಿಮುಕ್ತರ ದೈನಂದಿನ ದುಡಿಮೆಯನ್ನು ಅರಿಯಲು ಗ್ರಂಥಗಳಿಗಿಂತ ಸಮಾಧಿಗಳೇ ಹೆಚ್ಚು ನೆರವಾಗುತ್ತವೆ. ಶ್ರೀಮಂತ ಲೇಖಕರ ಬರಹಗಳಲ್ಲಿ ಇವರ ಬಗೆಗಿನ ಪರಿಹಾಸ್ಯವೇ ಅಧಿಕ. ರೋಮಿನ ಪೋರ್ಟಾ ಮಜ್ಜೋರೆಯ ಬಳಿ 1838ರಲ್ಲಿ ಬೆಳಕಿಗೆ ಬಂದ ಯೂರಿಸಾಸೀಸನ ಸಮಾಧಿಯ ಉಬ್ಬುಶಿಲ್ಪಗಳಲ್ಲಿ ಪ್ರಾಣಿಗಳು ತಿರುಗಿಸುವ ಬೀಸುಕಲ್ಲು, ಹಿಟ್ಟು ನಾದುವುದು, ಒಲೆಗೆ ರೊಟ್ಟಿ ತಳ್ಳುವುದು, ಕೊನೆಗೆ ತೂಗಿ ಒಪ್ಪಿಸುವುದು ಕ್ರಮವಾಗಿ ಕಾಣುತ್ತವೆ. ಅವನು ರೊಟ್ಟಿ ತಯಾರಕನೂ ಗುತ್ತಿಗೆದಾರನೂ ಆಗಿದ್ದನೆಂದು ಶಾಸನ ತಿಳಿಸುತ್ತದೆ, ವಿಮುಕ್ತನೆಂದು ಹೇಳುವುದಿಲ್ಲ. ಗ್ರೀಕ್ ಹೆಸರು, ತಂದೆಯ ಉಲ್ಲೇಖವಿಲ್ಲದಿರುವುದು ಇವುಗಳಿಂದ ವಿದ್ವಾಂಸರು ಹಾಗೆ ಊಹಿಸಿದ್ದಾರೆ.

ಹಣವಿದ್ದರೂ ವಿಮುಕ್ತನಿಗೆ ನಗರಸಭೆಯ ಸದಸ್ಯತ್ವ ನಿಷಿದ್ಧವಾಗಿತ್ತು. ಮುಕ್ತನಾದ ಬಳಿಕ ಹುಟ್ಟಿದ ಮಗನಿಗೆ ಈ ಅಡ್ಡಿಯಿರಲಿಲ್ಲ. ಪೊಂಪೇಯಿಯ ಐಸಿಸ್ ದೇವಾಲಯದ ಶಾಸನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕ್ರಿ.ಶ. 62ರ ಸುಮಾರಿನ ಭೂಕಂಪದಲ್ಲಿ ಕುಸಿದ ಆ ಗುಡಿಯನ್ನು ನ್ಯೂಮೇರಿಯಸ್ ಪೊಪಿಡಿಯಸ್ ಸೆಲ್ಸಿನಸ್ ಎಂಬವನು ಸ್ವಂತ ವೆಚ್ಚದಲ್ಲಿ ತಳಪಾಯದಿಂದ ಕಟ್ಟಿಸಿದನೆಂದೂ, ಇದನ್ನು ಮೆಚ್ಚಿ ಸಭೆಯು ಅವನನ್ನು ಶುಲ್ಕವಿಲ್ಲದೆ ಸದಸ್ಯನನ್ನಾಗಿ ಸೇರಿಸಿಕೊಂಡಿತೆಂದೂ ಅದರಲ್ಲಿದೆ. ದಾನಿಯ ವಯಸ್ಸು ಆರು ವರ್ಷ! ವೆಚ್ಚ ಮಾಡಿದವನು ತಂದೆ ಆಂಪ್ಲಿಯಾಟಸ್ ಎಂಬುದರಲ್ಲಿ ಸಂದೇಹವಿಲ್ಲ. ಅವನು ವಿಮುಕ್ತನೆಂಬುದು ಬಹುಮಾನ್ಯ ಅಭಿಪ್ರಾಯ. ತನಗೆ ಮುಚ್ಚಿದ್ದ ಬಾಗಿಲನ್ನು ಅವನು ಮಗನಿಗಾಗಿ ತೆರೆಸಿದನು. ಹೆಬ್ಬಾಗಿಲ ಮೇಲಿನ ಶಾಸನದಲ್ಲಿ ಅವನ ಹೆಸರಿಲ್ಲ. ಗುಡಿಯ ಹಿಂಗೋಡೆಯ ಗೂಡಿನಲ್ಲಿದ್ದ ಬ್ಯಾಕಸ್ ವಿಗ್ರಹದ ಪೀಠದಲ್ಲಿ ಮಾತ್ರ, ಅದನ್ನು ಸ್ವಂತ ಹಣದಿಂದ ಇರಿಸಿದವನೆಂದು ಆಂಪ್ಲಿಯಾಟಸನ ಹೆಸರು ಕೆತ್ತಲ್ಪಟ್ಟಿದೆ. ಅದರ ಮುಂದಿರುವ ಏಕೈಕ ವಿಶೇಷಣ ‘ತಂದೆ’.