ಸೋತ ಗುಂಡಿಗೆಗೆ ಕಾರಣವೇನು?



ಬಾವಿಯ ಪಂಪು ನೀರೆತ್ತದಿದ್ದರೆ ‘ಪಂಪು ಸೋತಿತು’ ಎಂದು ನೀವು ಸುಮ್ಮನೆ ಕೂರುವುದಿಲ್ಲ. ಫುಟ್‌ವಾಲ್ವು ಸೋರುತ್ತಿದೆಯೋ, ಕರೆಂಟು ಸಾಲದೋ, ಪೈಪಿಗೆ ಕಸ ಕಟ್ಟಿತೋ ಎಂದು ನೋಡುತ್ತೀರಿ. ಆದರೆ ಮನೆಯವರ ಗುಂಡಿಗೆ ಸೋತಿದೆ ಎಂದು ಡಾಕ್ಟರು ಹೇಳಿದಾಗ ‘ಏಕೆ ಸೋತಿತು?’ ಎಂದು ಕೇಳುವವರು ಕಡಿಮೆ. ಕೇಳಲೇಬೇಕು. ಕಾರಣ ತಿಳಿದು ಅದನ್ನು ಸರಿಪಡಿಸಿದರೆ ಎಷ್ಟೋ ಗುಂಡಿಗೆಗಳು ಚೇತರಿಸಿಕೊಳ್ಳುವುದುಂಟು.

ಗುಂಡಿಗೆ ಮಾಂಸದ ಪಂಪೇ ಸರಿ. ಅದರ ಎಡಗಡೆಯ ಕೆಳಕೋಣೆಯು ಒಂದೊಂದು ಬಡಿತಕ್ಕೂ ತನ್ನಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಮೈಗೆಲ್ಲ ತಳ್ಳಬೇಕು. ಇದು ನೂರಕ್ಕೆ 40 ಅಥವಾ ಅದಕ್ಕೂ ಕಡಿಮೆಯಾದರೆ ಗುಂಡಿಗೆಯ ಬಲ ಕುಂದಿದೆ ಎಂದರ್ಥ. ಎಕೋ ಪರೀಕ್ಷೆಯಲ್ಲಿ ಇದು ತಿಳಿಯುತ್ತದೆ, ಅದರಿಂದ ನೋವಿಲ್ಲ. ಮುಂದಕ್ಕೆ ಹೋಗದ ರಕ್ತ ಹಿಂದಕ್ಕೆ ಒತ್ತುತ್ತದೆ. ಶ್ವಾಸಕೋಶಕ್ಕೆ ನೀರು ಜಿನುಗಿ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಪಾದಗಳು ಊದುತ್ತವೆ.

ಕಾರಣಗಳಲ್ಲಿ ಮೊದಲನೆಯದು ಹೃದಯಾಘಾತ. ರಕ್ತನಾಳ ಕಟ್ಟಿದಾಗ ಸತ್ತ ಮಾಂಸ ಮತ್ತೆ ಬೆಳೆಯದು. ಅಲ್ಲಿ ಬರಿಯ ಕಲೆ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಇದು ಆಗಬಹುದು. ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಿದವರೆಷ್ಟು ಮಂದಿ! ಎರಡನೆಯದು, ವರ್ಷಗಟ್ಟಲೆ ಅಳತೆಗೆ ಸಿಗದೆ ಉಳಿದ ರಕ್ತದೊತ್ತಡ. ಬಹುಕಾಲ ಮಿತಿಮೀರಿ ಕುಡಿದರೂ ಮಾಂಸ ಸಡಿಲವಾಗುತ್ತದೆ. ಪೂರ್ತಿ ಬಿಟ್ಟವರಲ್ಲಿ ಅದು ಬಹುಮಟ್ಟಿಗೆ ಸುಧಾರಿಸಿದ್ದುಂಟು. ಚಿಕ್ಕಂದಿನ ಗಂಟಲುಬೇನೆಯ ಹಿಂದೆಯೇ ಬರುವ ಕೀಲುವಾತದ ಜ್ವರ ಗುಂಡಿಗೆಯ ಕವಾಟವನ್ನು ಕೆಡಿಸುತ್ತದೆ; ಸೋರುವ ಫುಟ್‌ವಾಲ್ವಿನ ಕಥೆಯೇ ಇದು. ವೈರಸ್ ಜ್ವರ, ಥೈರಾಯ್ಡ್ ದೋಷ, ವಂಶದಿಂದ ಬಂದದ್ದು, ಕೆಲವು ಕ್ಯಾನ್ಸರ್ ಔಷಧಿಗಳು, ಇವೂ ಸೇರುತ್ತವೆ.

ಇನ್ನೊಂದನ್ನು ತಾಯಂದಿರು ಗಮನವಿಟ್ಟು ಓದಿರಿ. ಹೆರಿಗೆಯ ಹಿಂದಿನ ತಿಂಗಳಿನಿಂದ ಹೆರಿಗೆಯಾದ 5 ತಿಂಗಳವರೆಗೆ, ಆರೋಗ್ಯವಾಗಿದ್ದ ಹೆಂಗಸಿನ ಗುಂಡಿಗೆಯೂ ಸೋಲಬಹುದು. ಬಸುರಿಯಲ್ಲಿ ಪಾದ ತುಸು ಊದುವುದು ಸಹಜ. ಆದರೆ ಬಾಣಂತಿಯ ಕಾಲು ದಿನದಿನಕ್ಕೆ ಊದುತ್ತಿದ್ದರೆ, ರಾತ್ರಿ ಕೆಮ್ಮುತ್ತ ಎದ್ದು ಕುಳಿತರೆ ಅದು ಸಹಜವಲ್ಲ. ಅಜ್ಜಿಯರು ‘ನಂಜು’ ಎಂದು ಪಥ್ಯ ಬಿಗಿಮಾಡುತ್ತಾರೆ. ಅಷ್ಟರಲ್ಲಿ ಹೊತ್ತು ಮೀರುತ್ತದೆ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಬೇಗ ಹಿಡಿದರೆ ಅನೇಕರ ಗುಂಡಿಗೆ ಮೊದಲಿನಂತಾಗುತ್ತದೆ. ಆದರೂ ಡಾಕ್ಟರನ್ನು ಕೇಳದೆ ಇನ್ನೊಂದು ಬಸುರು ಬೇಡ.

ಬಾವು ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿರಿ. ಮುಂದಿನ ಸಲ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಕಟ್ಟಿಕೊಂಡು ಹೋಗಿರಿ. ಕುಡಿತ, ಹಳೆಯ ಜ್ವರ, ಮನೆತನದಲ್ಲಿ ಎಳೆವಯಸ್ಸಿಗೆ ಸತ್ತವರು, ಯಾವುದನ್ನೂ ಡಾಕ್ಟರರಿಂದ ಮುಚ್ಚಿಡಬೇಡಿರಿ.